ಸ್ಪ್ಲಾಟಲಾಗ್: ನಕ್ಷತ್ರಗಳ ನಡುವೆ ಅಣು ಹುಡುಕುವವರ ಪುಕ್ಕಟೆ ಪಟ್ಟಿ, ಬಳಸಿದವನ ಅಭಿಪ್ರಾಯ

"ಜೀವಕ್ಕೆ ಬೇಕಾದ ಅಣು ಬಾಹ್ಯಾಕಾಶದಲ್ಲಿ ಸಿಕ್ಕಿತು" ಅಂತ ಪೇಪರಿನಲ್ಲಿ ಆಗಾಗ ಸುದ್ದಿ ಬರುತ್ತದೆ. ಅಲ್ಲಿಗೆ ಯಾರೂ ಹೋಗಿಲ್ಲ. ಒಂದು ಬಾಟಲಿ ಅನಿಲವನ್ನೂ ತುಂಬಿ ತಂದಿಲ್ಲ. ಹಾಗಿದ್ದರೆ ಗೊತ್ತಾಗಿದ್ದು ಹೇಗೆ? ಈ ಪ್ರಶ್ನೆ ನಿಮ್ಮನ್ನು ಕಾಡಿದ್ದರೆ ಸ್ಪ್ಲಾಟಲಾಗ್ ಎನ್ನುವ ವೆಬ್‌ಸೈಟನ್ನು ಒಮ್ಮೆ ತೆರೆದು ನೋಡಿ. ಅಮೆರಿಕದ ನ್ಯಾಷನಲ್ ರೇಡಿಯೋ ಅಸ್ಟ್ರಾನಮಿ ಅಬ್ಸರ್ವೇಟರಿಯವರ ಸೇವೆ ಇದು. ದುಡ್ಡು ಕೊಡಬೇಕಿಲ್ಲ, ಹುಡುಕಲು ಲಾಗಿನ್ ಬೇಕಿಲ್ಲ. ಇಷ್ಟರಿಂದ ಇಷ್ಟು ಗಿಗಾಹರ್ಟ್ಸ್ ಅಂತ ಕೊಟ್ಟರೆ, ಆ ನಡುವೆ ಯಾವ ಯಾವ ಅಣುವಿನ ರೇಡಿಯೋ ಗೆರೆ ಬೀಳುತ್ತದೆ ಎಂದು ಸಾಲಾಗಿ ಕೊಡುತ್ತದೆ. ಖಗೋಳ ವಿಜ್ಞಾನಿಗಳು ದಿನಾ ಬಳಸುವ ಅದೇ ಪಟ್ಟಿ, ನಮಗೂ ನಿಮಗೂ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಎಂಎಸ್ಸಿ ಮಕ್ಕಳಿಗೆ ಅಣುಗಳ ರೋಹಿತದ (ಸ್ಪೆಕ್ಟ್ರಮ್) ಪಾಠ ಬಂದಾಗ ಪ್ರೊಜೆಕ್ಟರಿನಲ್ಲಿ ಇದನ್ನೇ ತೆರೆದಿಟ್ಟುಕೊಳ್ಳುತ್ತೇನೆ. ಪಠ್ಯಪುಸ್ತಕದ ಸೂತ್ರ ಇಲ್ಲಿ ಜೀವಂತವಾಗಿ ಕಾಣುತ್ತದೆ. ಆದರೆ ಹೊಸಬರು ಇದನ್ನು ತಪ್ಪಾಗಿ ಬಳಸುವ ಸಾಧ್ಯತೆ ತುಂಬಾ ಇದೆ, ಅದಕ್ಕೆ ತಾಣದ ವಿನ್ಯಾಸವೂ ಸ್ವಲ್ಪ ಕಾರಣ. ಆ ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ವಿಷಯ ಏನು ಅಂತ ನೋಡೋಣ. ಅನಿಲದಲ್ಲಿರುವ ಅಣು ಸುಮ್ನೆ ನಿಂತಿರುವುದಿಲ್ಲ, ತಿರುಗುತ್ತಿರುತ್ತದೆ. ಎಷ್ಟು ಬೇಕಾದರೂ ಶಕ್ತಿಯಲ್ಲಿ ತಿರುಗುವ ಹಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕೆಲವು ಮಟ್ಟಗಳು ಮಾತ್ರ ಅದಕ್ಕೆ ಸಾಧ್ಯ. ಮೇಲಿನ ಮಟ್ಟದಿಂದ ಕೆಳಗೆ ಇಳಿದಾಗ ಒಂದು ಗೊತ್ತಾದ ಫ್ರೀಕ್ವೆನ್ಸಿಯ ರೇಡಿಯೋ ಅಲೆ ಹೊರಡುತ್ತದೆ. ಟೆಲಿಸ್ಕೋಪಿನ ಗ್ರಾಫಿನಲ್ಲಿ ಅದು ಆ ಜಾಗದಲ್ಲಿ ಚೂಪಾಗಿ ಎದ್ದು ಕಾಣುತ್ತದೆ, ಅದನ್ನೇ ಗೆರೆ ಅನ್ನುವುದು. ಹಿಂದುಗಡೆ ಜೋರಾದ ರೇಡಿಯೋ ಮೂಲ ಇದ್ದು, ಮುಂದಿರುವ ಅನಿಲ ತಣ್ಣಗಿದ್ದರೆ, ಅದೇ ಫ್ರೀಕ್ವೆನ್ಸಿಯಲ್ಲಿ ಅಣು ಅಲೆಯನ್ನು ಹೀರಿಕೊಳ್ಳುತ್ತದೆ, ಆಗ ಗೆರೆ ಕೆಳಮುಖವಾಗಿ ಕಾಣುತ್ತದೆ. ಅಣುವಿನ ಆಕಾರ, ತೂಕ ಬದಲಾದರೆ ಗೆರೆಗಳ ಸಾಲೂ ಬದಲಾಗುತ್ತದೆ. ಈ ಸಾಲನ್ನು ಮೊದಲು ಭೂಮಿಯ ಮೇಲೆ ಲ್ಯಾಬಿನಲ್ಲಿ ಅಳೆಯಬೇಕು. ಲ್ಯಾಬಿನ ಅಳತೆ ಇಲ್ಲದೆ ಟೆಲಿಸ್ಕೋಪ್ ಎಷ್ಟು ದೊಡ್ಡದಿದ್ದರೂ ಪ್ರಯೋಜನ ಇಲ್ಲ. ಇಂಥ ಅಳತೆಗೆ ಬೇಕಾದ ಮೈಕ್ರೋವೇವ್ ಸ್ಪೆಕ್ಟ್ರೋಮೀಟರನ್ನು ನಮ್ಮ ಬೆಂಗಳೂರಿನ ಐಐಎಸ್ಸಿಯಲ್ಲೂ ಕಟ್ಟಿದ್ದಾರೆ, ಈ ವಿಷಯ ಹೇಳಿದಾಗ ಮಕ್ಕಳ ಕಣ್ಣು ಅರಳುತ್ತದೆ.

1969ರಲ್ಲಿ ಲ್ಯೂಯಿಸ್ ಸ್ನೈಡರ್ ಮತ್ತು ಜೊತೆಗಾರರು ಪಶ್ಚಿಮ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ನಲ್ಲಿದ್ದ 140 ಅಡಿ ಟೆಲಿಸ್ಕೋಪಿನಿಂದ 4.83 ಗಿಗಾಹರ್ಟ್ಸ್‌ನಲ್ಲಿ ಫಾರ್ಮಾಲ್ಡಿಹೈಡ್ ಕಂಡರು. ಅಂದಿನಿಂದ ಇಂದಿಗೆ ನಕ್ಷತ್ರಗಳ ನಡುವೆ ಮತ್ತು ನಕ್ಷತ್ರಗಳ ಸುತ್ತ ಸಿಕ್ಕಿರುವ ಅಣುಗಳ ಸಂಖ್ಯೆ 300 ದಾಟಿದೆ. ಸಕ್ಕರೆಗಳ ಹತ್ತಿರದ ನೆಂಟನಾದ ಗ್ಲೈಕೋಲಾಲ್ಡಿಹೈಡ್ 2000ದಲ್ಲಿ, ಗ್ಲೈಸಿನ್ ಎಂಬ ಅಮಿನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು) ತಯಾರಾಗುವ ದಾರಿಯಲ್ಲಿ ಬರಬಹುದಾದ ಅಮಿನೋ ಅಸಿಟೋನೈಟ್ರೈಲ್ 2008ರಲ್ಲಿ, ಯೂರಿಯಾ 2019ರಲ್ಲಿ, ಜೀವಕೋಶದ ಪೊರೆಯ ಕೊಬ್ಬಿನಲ್ಲಿರುವ ಎಥನಾಲಮೈನ್ 2021ರಲ್ಲಿ. ಇವೆಲ್ಲ ಸಿಕ್ಕಿದ್ದು ನಮ್ಮ ಆಕಾಶಗಂಗೆಯ ನಡುಭಾಗದಲ್ಲಿ, ಸ್ಯಾಜಿಟೇರಿಯಸ್ ಬಿ2 ಎಂಬ ದೈತ್ಯ ಮೋಡದಲ್ಲಿ ಅಥವಾ ಅದರ ಪಕ್ಕದಲ್ಲಿ. ನಮ್ಮಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ.

ಈಗ ಸೇವೆಯ ಬಗ್ಗೆ. ಸ್ಪ್ಲಾಟಲಾಗ್ ತಾನೇ ಏನನ್ನೂ ಅಳೆಯುವುದಿಲ್ಲ. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ಸಿಡಿಎಂಎಸ್ ಪಟ್ಟಿ, ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಜೆಪಿಎಲ್ ಪಟ್ಟಿ, ಅಮೆರಿಕದ ನಿಸ್ಟ್ ಸಂಸ್ಥೆಯಲ್ಲಿ ಫ್ರಾಂಕ್ ಲೋವಾಸ್ ಕೂಡಿಸಿದ ಪಟ್ಟಿ, ಹೀಗೆ ಬೇರೆ ಬೇರೆ ಕಡೆ ಚದುರಿದ್ದನ್ನು ಒಂದೇ ಕಡೆ ತಂದು ಹುಡುಕುವಂತೆ ಮಾಡಿದೆ. ಇದೇ ಅದರ ದೊಡ್ಡ ಉಪಕಾರ. ಮೊದಲು ಸಿಡಿಎಂಎಸ್ ತೆರೆದು, ಆಮೇಲೆ ಜೆಪಿಎಲ್ ತೆರೆದು, ಅಂಕಿಗಳ ಸಾಲನ್ನು ಕಣ್ಣಲ್ಲೇ ಹೋಲಿಸುವ ಕಷ್ಟ ಇಲ್ಲ. ಅಣುವಿನ ಹೆಸರು ಆರಿಸಿ, ಫ್ರೀಕ್ವೆನ್ಸಿ ಹಾಕಿ, ಹುಡುಕು ಒತ್ತಿ. ಫಲಿತಾಂಶವನ್ನು ಫೈಲಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆಯಬಹುದು. ಪೈಥಾನ್ ಪ್ರೋಗ್ರಾಮಿಂಗ್ ಬರುವವರಿಗೆ ಆಸ್ಟ್ರೋಕ್ವೆರಿ ಎಂಬ ಪೈಥಾನ್ ಪ್ಯಾಕೇಜ್ ಮೂಲಕ ನೇರವಾಗಿ ಕರೆಯುವ ದಾರಿಯೂ ಇದೆ. ಚಿಲಿಯ ಆಲ್ಮಾ ಟೆಲಿಸ್ಕೋಪಿಗೆ ಸಮಯ ಕೇಳಿ ಅರ್ಜಿ ಹಾಕುವ ತಂತ್ರಾಂಶದ ಒಳಗೂ ಇದೇ ಪಟ್ಟಿ ಕೂತಿದೆ.

ಫಲಿತಾಂಶದಲ್ಲಿ ಫ್ರೀಕ್ವೆನ್ಸಿಗೆ ಎರಡು ಕಾಲಂ ಇವೆ, ಒಂದು ಲೆಕ್ಕ ಹಾಕಿದ್ದು, ಇನ್ನೊಂದು ಲ್ಯಾಬಿನಲ್ಲಿ ನಿಜವಾಗಿ ಅಳೆದದ್ದು. ಎಷ್ಟು ತಪ್ಪಿರಬಹುದು ಎಂಬ ಅಂದಾಜೂ ಪಕ್ಕದಲ್ಲೇ ಇರುತ್ತದೆ. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ. ಅಳೆದದ್ದು ಯಾವುದು, ಊಹೆ ಯಾವುದು ಅಂತ ಬೇರೆ ಬೇರೆ ತೋರಿಸುವ ತಾಣಗಳು ಎಷ್ಟಿವೆ ಹೇಳಿ.

ಇನ್ನು ತೊಂದರೆ. ಸ್ಪ್ಲಾಟಲಾಗ್‌ಗೆ ಯಾವ ಫ್ರೀಕ್ವೆನ್ಸಿ ಕೊಟ್ಟರೂ ಏನಾದರೊಂದು ಉತ್ತರ ಸಿಗುತ್ತದೆ. ಇದು ಜಾತ್ರೆಯಲ್ಲಿ ನಿಂತು "ರಾಜು" ಅಂತ ಕೂಗಿದ ಹಾಗೆ, ಹತ್ತು ಜನ ತಿರುಗಿ ನೋಡುತ್ತಾರೆ, ಅದರಲ್ಲಿ ನಿಮ್ಮ ರಾಜು ಇರಲೇಬೇಕು ಅಂತೇನಿಲ್ಲ. ಹೊಸಬರು ಮಾಡುವುದು ಏನೆಂದರೆ, ಡೇಟಾದಲ್ಲಿ ಒಂದು ಗೆರೆ ಕಂಡ ತಕ್ಷಣ ಅದರ ಫ್ರೀಕ್ವೆನ್ಸಿಯನ್ನು ಇಲ್ಲಿ ಹಾಕುತ್ತಾರೆ, ಬಂದ ಪಟ್ಟಿಯಲ್ಲಿ ಅತಿ ಸ್ವಾರಸ್ಯವಾದ ಹೆಸರನ್ನು ಎತ್ತಿಕೊಳ್ಳುತ್ತಾರೆ. ಅಮಿನೋ ಆಮ್ಲದ ಹೆಸರು ಕಂಡರಂತೂ ಮುಗಿಯಿತು. ಅದು ಪತ್ತೆ ಅಲ್ಲ. ಹತ್ತಿರದ ಸಂಖ್ಯೆ ಸಿಕ್ಕಿತು, ಅಷ್ಟೇ.

ಸ್ಯಾಜಿಟೇರಿಯಸ್ ಬಿ2ರ ಉತ್ತರ ಭಾಗವನ್ನು 3 ಮಿಲಿಮೀಟರ್ ಅಲೆಯಲ್ಲಿ ನೋಡಿದರೆ ಒಂದೊಂದು ಗಿಗಾಹರ್ಟ್ಸ್‌ನಲ್ಲೂ ಸುಮಾರು 100 ಗೆರೆ ಸಿಗುತ್ತವೆ. ಅಂದರೆ ಸರಾಸರಿ 10 ಮೆಗಾಹರ್ಟ್ಸ್‌ಗೊಂದು ಗೆರೆ. ಇವುಗಳಲ್ಲಿ ಬಹಳಷ್ಟು ಮೆಥನಾಲ್, ಮೀಥೈಲ್ ಫಾರ್ಮೇಟ್, ಈಥೈಲ್ ಸೈನೈಡ್‌ನಂಥ ಕೆಲವೇ ಅಣುಗಳವು, ಇವನ್ನು ಸಂಶೋಧಕರು ಕಳೆ ಅಂತಲೇ ಕರೆಯುತ್ತಾರೆ. ಇದರ ಮೇಲೆ ಮೋಡದ ಚಲನೆ ಬೇರೆ. ಆ ಮೋಡ ಸೆಕೆಂಡಿಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ನಮ್ಮಿಂದ ದೂರ ಸರಿಯುತ್ತಿದೆ. ಡಾಪ್ಲರ್ ಲೆಕ್ಕ ಹಾಕಿದರೆ 100 ಗಿಗಾಹರ್ಟ್ಸ್‌ನಲ್ಲಿ ಗೆರೆ ಸುಮಾರು 21 ಮೆಗಾಹರ್ಟ್ಸ್ ಕೆಳಗೆ ಜಾರುತ್ತದೆ. ಗೆರೆಗಳೇ 10 ಮೆಗಾಹರ್ಟ್ಸ್‌ಗೊಂದು ಇರುವಲ್ಲಿ 21 ಜಾರಿದರೆ ಎರಡು ಗೆರೆ ದಾಟಿ ಹೋದ ಹಾಗಾಯಿತು ಅಲ್ವಾ? ವೇಗವನ್ನು ಕಳೆಯದೆ ಹೆಸರು ಹುಡುಕಿದರೆ ಖಂಡಿತ ಬೇರೆ ಯಾವುದೋ ಅಣುವಿನ ಹೆಸರು ಸಿಗುತ್ತದೆ. ಅದೂ ಪೂರ್ತಿ ನಂಬುವ ಹಾಗೆ ಸಿಗುತ್ತದೆ. ಸ್ಪ್ಲಾಟಲಾಗ್‌ನಲ್ಲಿ ವೇಗ ತುಂಬುವ ಜಾಗ ಇದೆ, ಅದನ್ನು ಖಾಲಿ ಬಿಡಬೇಡಿ.

ಇದು ಬರೀ ವಿದ್ಯಾರ್ಥಿಗಳ ಸಮಸ್ಯೆ ಅಂದುಕೊಳ್ಳಬೇಡಿ. 2003ರಲ್ಲಿ ಕುವಾನ್ ಮತ್ತು ಅವರ ತಂಡ ಗ್ಲೈಸಿನ್ ಸಿಕ್ಕಿತು ಎಂದು ಪ್ರಕಟಿಸಿದರು. ಗ್ಲೈಸಿನ್ ಅಂದರೆ ಅತಿ ಸರಳ ಅಮಿನೋ ಆಮ್ಲ, ಇಡೀ ಕ್ಷೇತ್ರ ಕಾಯುತ್ತಿದ್ದ ಅಣು. ಮೂರು ಮೋಡಗಳಲ್ಲಿ ಒಟ್ಟು 27 ಗೆರೆಗಳನ್ನು ಅವರು ತೋರಿಸಿದ್ದರು. ಕೇಳಿದರೆ ಬಹಳ ಗಟ್ಟಿ ಸಾಕ್ಷ್ಯ ಅನಿಸುತ್ತದೆ. 2005ರಲ್ಲಿ ಅದೇ ಸ್ನೈಡರ್, ಲೋವಾಸ್, ಆಂಟನಿ ರೆಮಿಜನ್ ಮುಂತಾದವರು ಸೇರಿ ಈ ಗೆರೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅವರು ಕೇಳಿದ್ದು ಉಲ್ಟಾ ಪ್ರಶ್ನೆ. ಈ ಗೆರೆ ಗ್ಲೈಸಿನ್‌ದು ಹೌದಾದರೆ, ಇದಕ್ಕಿಂತ ಜೋರಾಗಿ ಕಾಣಬೇಕಾದ ಬೇರೆ ಗೆರೆಗಳು ಎಲ್ಲಿ? ಅವು ಇರಲಿಲ್ಲ. ಕಂಡ ಗೆರೆಗಳಲ್ಲಿ ಹಲವು ಬೇರೆ ಅಣುಗಳವೇ ಆಗಿರಬಹುದು ಎಂದೂ ತೋರಿಸಿದರು. ಮುಂದೆ ಧೂಮಕೇತುಗಳಲ್ಲಿ ಗ್ಲೈಸಿನ್ ಸಿಕ್ಕಿತು, ಸ್ಟಾರ್‌ಡಸ್ಟ್ ನೌಕೆ ತಂದ ಕಣಗಳಲ್ಲಿ 2009ರಲ್ಲಿ ದೃಢವಾಯಿತು, ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಸುತ್ತ ಕಂಡದ್ದು 2016ರಲ್ಲಿ ಪ್ರಕಟವಾಯಿತು. ನಕ್ಷತ್ರಗಳ ನಡುವಿನ ಮೋಡದಲ್ಲಿ ಮಾತ್ರ ಎಲ್ಲರೂ ಒಪ್ಪುವ ಪತ್ತೆ ಆಗಿಲ್ಲ.

ಆ 2005ರ ಪ್ರಬಂಧದ ರೆಮಿಜನ್ ಸ್ಪ್ಲಾಟಲಾಗ್ ಕಟ್ಟಿದವರಲ್ಲೂ ಒಬ್ಬರು. ಲೋವಾಸ್ ಅವರ ಪಟ್ಟಿ ಇದರ ಒಳಗಿದೆ. ಹಾಗಾಗಿ ಈ ತಾಣವನ್ನು ಬಳಸುವ ಸರಿಯಾದ ದಾರಿಯೂ ಆ ಉಲ್ಟಾ ಪ್ರಶ್ನೆಯೇ ಎಂದು ನಾನು ಬಲವಾಗಿ ನಂಬುತ್ತೇನೆ. ಗೆರೆ ಕೊಟ್ಟು ಅಣು ಕೇಳಬೇಡಿ. ಅಣು ಕೊಟ್ಟು ಗೆರೆಗಳನ್ನೆಲ್ಲ ಕೇಳಿ. ಒಂದೇ ಅಣುವನ್ನು ಆರಿಸಿ, ನಿಮ್ಮ ಡೇಟಾ ಎಷ್ಟು ಅಗಲ ಇದೆಯೋ ಅಷ್ಟೂ ವ್ಯಾಪ್ತಿ ಕೊಡಿ. ಬಂದ ಪಟ್ಟಿಯಲ್ಲಿ ಯಾವುದು ಜೋರಾಗಿ ಕಾಣಬೇಕೋ ಅವನ್ನು ಮೇಲೆ ತನ್ನಿ. ಆಮೇಲೆ ಡೇಟಾಗೆ ಹೋಗಿ ಒಂದೊಂದನ್ನೂ ನೋಡಿ, ಇದೆಯಾ, ಇಲ್ವಾ, ಬೇರೆ ಗೆರೆಯ ಅಡಿಯಲ್ಲಿ ಮುಚ್ಚಿಹೋಗಿದೆಯಾ. ಒಂದು ಮುಖ್ಯ ಗೆರೆ, ಏನೂ ಅಡ್ಡ ಇಲ್ಲದ ಜಾಗದಲ್ಲೂ ಕಾಣದಿದ್ದರೆ ಆ ಅಣುವನ್ನು ಕೈಬಿಡಿ. ಎಷ್ಟೇ ಆಸೆ ಇದ್ದರೂ ಬಿಡಿ.

"ಯಾವುದು ಜೋರಾಗಿ ಕಾಣಬೇಕು" ಅಂದೆನಲ್ಲ, ನನ್ನ ದೊಡ್ಡ ತಕರಾರು ಇರುವುದು ಅಲ್ಲಿಯೇ. ಸಿಡಿಎಂಎಸ್, ಜೆಪಿಎಲ್ ಪಟ್ಟಿಗಳಲ್ಲಿ ಗೆರೆಯ ತೀವ್ರತೆ ಕೊಡುವುದು 300 ಕೆಲ್ವಿನ್‌ಗೆ, ಅಂದರೆ ನಮ್ಮ ಕೋಣೆಯ ಉಷ್ಣತೆಗೆ. ಲ್ಯಾಬಿನವರಿಗೆ ಅದು ಸರಿ. ಮೋಡಕ್ಕೆ ಸರಿಯಲ್ಲ. ವೃಷಭ ರಾಶಿಯ ಟಿಎಂಸಿ-1 ಮೋಡ ಸುಮಾರು 10 ಕೆಲ್ವಿನ್. ಅತಿ ಕೆಳಗಿನ ಮಟ್ಟಕ್ಕಿಂತ 50 ಕೆಲ್ವಿನ್ ಮೇಲಿರುವ ಒಂದು ಶಕ್ತಿ ಮಟ್ಟ ತೆಗೆದುಕೊಳ್ಳಿ (ಈ ಕ್ಷೇತ್ರದಲ್ಲಿ ಶಕ್ತಿಯನ್ನೂ ಕೆಲ್ವಿನ್‌ನಲ್ಲೇ ಹೇಳುತ್ತಾರೆ). ಆ ಉಷ್ಣತೆಯಲ್ಲಿ ಅಣುಗಳು ಆ ಮಟ್ಟಕ್ಕೆ ಏರಿರುವುದು ಎಷ್ಟು ಸಾಧ್ಯ ಎಂದು ಹೇಳುವ ಬೋಲ್ಟ್ಸ್‌ಮನ್ ಅಂಶ 300 ಕೆಲ್ವಿನ್‌ನಲ್ಲಿ ಸುಮಾರು 0.85 ಬರುತ್ತದೆ, ಅಂದರೆ ಆ ಮಟ್ಟದಲ್ಲಿ ಬೇಕಾದಷ್ಟು ಅಣುಗಳಿವೆ. 10 ಕೆಲ್ವಿನ್‌ಗೆ ಇಳಿಸಿದರೆ ಅದು 0.007ಕ್ಕೆ ಬೀಳುತ್ತದೆ. 5 ಕೆಲ್ವಿನ್‌ನಲ್ಲಿ ಲಕ್ಷಕ್ಕೆ ನಾಲ್ಕೈದು. ಅದೇ ಗೆರೆ, ಅದೇ ಅಣು, ಆದರೆ ಪಟ್ಟಿಯಲ್ಲಿ ಜೋರಾಗಿ ತೋರಿಸಿದ್ದು ಮೋಡದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣದು. ಹಾಗಾಗಿ ತೀವ್ರತೆಯ ಕಾಲಂ ನೋಡಿ ಸಾಲು ಹಚ್ಚಿದರೆ ದಾರಿ ತಪ್ಪುತ್ತೀರಿ. ಅದರ ಬದಲು ಮೇಲಿನ ಮಟ್ಟದ ಶಕ್ತಿಯನ್ನು ಕೆಲ್ವಿನ್‌ನಲ್ಲಿ ತೋರಿಸು ಅಂತ ಟಿಕ್ ಮಾಡಿ, ಗೆರೆಯ ಬಲವನ್ನೂ (ಉಷ್ಣತೆ ಸೇರದ, ಅಣುವಿನದೇ ಗುಣ) ತೋರಿಸು ಅಂತ ಟಿಕ್ ಮಾಡಿ. ತಣ್ಣನೆಯ ಮೋಡವಾದರೆ ಶಕ್ತಿ ಕಡಿಮೆ ಇದ್ದು ಬಲ ಜಾಸ್ತಿ ಇರುವ ಗೆರೆಗಳನ್ನು ಮೊದಲು ಹಿಡಿಯಿರಿ. ಹುಡುಕುವ ಪುಟದಲ್ಲೇ ಉಷ್ಣತೆ ತುಂಬಿ, ಅದಕ್ಕೆ ತಕ್ಕ ತೀವ್ರತೆ ಲೆಕ್ಕ ಹಾಕಿಕೊಡುವ ಅನುಕೂಲ ಎದುರಿಗೇ ಇದ್ದಿದ್ದರೆ ಎಷ್ಟೋ ವಿದ್ಯಾರ್ಥಿಗಳ ಎಷ್ಟೋ ಗಂಟೆ ಉಳಿಯುತ್ತಿತ್ತು.

ಇನ್ನೊಂದು ಸಣ್ಣ ಗೊಂದಲ ಇದೆ. ಹಲವು ಪಟ್ಟಿ ಒಟ್ಟಿಗೆ ಇರುವುದರಿಂದ ಒಂದೇ ಗೆರೆ ಎರಡು ಮೂರು ಸಲ ಬರುತ್ತದೆ, ಸಿಡಿಎಂಎಸ್‌ನದೊಂದು, ಜೆಪಿಎಲ್‌ನದೊಂದು, ಫ್ರೀಕ್ವೆನ್ಸಿಯಲ್ಲಿ ಕೂದಲೆಳೆ ವ್ಯತ್ಯಾಸ. ಗೊತ್ತಿಲ್ಲದವರು ಇವನ್ನು ಬೇರೆ ಬೇರೆ ಗೆರೆ ಅಂತ ಎಣಿಸಬಹುದು. ಅಬ್ಸರ್ವೇಟರಿ ಶಿಫಾರಸು ಮಾಡಿದ ಫ್ರೀಕ್ವೆನ್ಸಿ ಮಾತ್ರ ತೋರಿಸು ಎಂಬ ಆಯ್ಕೆ ಇದೆ, ಇಲ್ಲವೇ ಒಂದೇ ಪಟ್ಟಿ ಆರಿಸಿಕೊಳ್ಳಿ. ಬಾಹ್ಯಾಕಾಶದಲ್ಲಿ ಈಗಾಗಲೇ ಸಿಕ್ಕಿರುವ ಅಣುಗಳಿಗೆ ಮಾತ್ರ ಸೀಮಿತ ಮಾಡುವ ಆಯ್ಕೆಯೂ ಇದೆ. ಕಲಿಯುವಾಗ ಅದನ್ನು ಹಾಕಿಕೊಳ್ಳುವುದೇ ಒಳ್ಳೆಯದು.

ಈ ಸೇವೆಯನ್ನು ಒಂಟಿಯಾಗಿ ಬಳಸಿದರೆ ರುಚಿ ಹತ್ತುವುದಿಲ್ಲ, ಜೊತೆಗೆ ನಿಜವಾದ ಡೇಟಾ ಬೇಕು. ನನ್ನ ಮೆಚ್ಚಿನದು ಪ್ರೈಮೋಸ್. ಗ್ರೀನ್ ಬ್ಯಾಂಕ್‌ನ 100 ಮೀಟರ್ ಟೆಲಿಸ್ಕೋಪಿನಿಂದ ಸ್ಯಾಜಿಟೇರಿಯಸ್ ಬಿ2ರ ಉತ್ತರ ಭಾಗವನ್ನು 2008ರಿಂದ ಗುರಿಯಿಟ್ಟು ನೋಡಿದ ಸಮೀಕ್ಷೆ ಇದು, ಮುಖ್ಯವಾಗಿ 50 ಗಿಗಾಹರ್ಟ್ಸ್ ಒಳಗಿನ ಫ್ರೀಕ್ವೆನ್ಸಿಗಳಲ್ಲಿ. ಜೀವಪೂರ್ವ ಅಣುಗಳನ್ನು, ಅಂದರೆ ಜೀವ ಹುಟ್ಟಲು ಬೇಕಾಗಬಹುದಾದ ಅಣುಗಳನ್ನು ಹುಡುಕುವುದೇ ಇದರ ಉದ್ದೇಶ. ಇದರ ಮುಂದಾಳು ಕೂಡ ರೆಮಿಜನ್ ಅವರೇ. ಸಂಶೋಧಕರು ತಮಗೆ ಅಂತ ಕಾಲ ಕಾದಿರಿಸಿಕೊಳ್ಳದೆ ಡೇಟಾವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಇದಕ್ಕೆ ನಾನು ಕೈಮುಗಿಯುತ್ತೇನೆ. ಇದರಿಂದಲೇ 2013ರಲ್ಲಿ ಸೈನೋಮೆಥನಿಮೈನ್ ಸಿಕ್ಕಿತು. ಎರಡು ಹೈಡ್ರೋಜನ್ ಸೈನೈಡ್ ಸೇರಿದರೆ ಬರುವ ಅಣು ಅದು. ಐದು ಸೇರಿದರೆ ಅಡೆನಿನ್‌ನ ಸೂತ್ರ ಬರುತ್ತದೆ, ಡಿಎನ್‌ಎಯಲ್ಲಿರುವ ಅದೇ ಅಡೆನಿನ್. ಅದೇ ವರ್ಷ ಎಥನಿಮೈನ್ ಕೂಡ ಸಿಕ್ಕಿತು.

2016ರ ಪ್ರೊಪಿಲೀನ್ ಆಕ್ಸೈಡ್ ಕಥೆಯನ್ನು ಹೇಳದೆ ಬಿಡಲಾರೆ. ಎಡಗೈ ಬಲಗೈ ಥರ ಎರಡು ರೂಪ ಇರುವ ಅಣುಗಳಲ್ಲಿ ನಕ್ಷತ್ರಗಳ ನಡುವೆ ಸಿಕ್ಕಿದ ಮೊದಲನೆಯದು ಇದು. ಭೂಮಿಯ ಜೀವಿಗಳು ಪ್ರೋಟೀನ್ ಕಟ್ಟುವಾಗ ಬಹುತೇಕ ಎಡ ರೂಪದ ಅಮಿನೋ ಆಮ್ಲಗಳನ್ನೇ ಬಳಸುತ್ತವೆ, ಯಾಕೆ ಅಂತ ಇನ್ನೂ ಬಗೆಹರಿದಿಲ್ಲ. ಹಾಗಾಗಿ ಈ ಪತ್ತೆಗೆ ಅಷ್ಟು ಬೆಲೆ. ಮೆಕ್‌ಗ್ವೈರ್, ಕ್ಯಾರಲ್ ಮತ್ತು ಜೊತೆಗಾರರು ಸುಮಾರು 12.1, 12.8 ಮತ್ತು 14.0 ಗಿಗಾಹರ್ಟ್ಸ್‌ನ ಮೂರು ಹೀರಿಕೆಯ ಗೆರೆಗಳನ್ನು ತೋರಿಸಿದರು. ಅಣುಗಳು ಸುಮಾರು 5 ಕೆಲ್ವಿನ್‌ನಷ್ಟು ತಣ್ಣಗೆ ವರ್ತಿಸುತ್ತಿದ್ದವು, ಅದಕ್ಕೇ ಕಡಿಮೆ ಶಕ್ತಿಯ ಈ ಗೆರೆಗಳು ಎದ್ದು ಕಂಡವು. 12.1ರ ಗೆರೆಗೆ ಗ್ರೀನ್ ಬ್ಯಾಂಕ್‌ನಲ್ಲಿ ಮನುಷ್ಯರ ರೇಡಿಯೋ ಗದ್ದಲ ಅಡ್ಡ ಬಂತು. ಆ ಊರಿನ ಸುತ್ತ ರೇಡಿಯೋ ಸದ್ದಿಗೆ ಕಾನೂನಿನ ಕಡಿವಾಣ 1958ರಿಂದ ಇದೆ, ಟೆಲಿಸ್ಕೋಪಿನ ಹತ್ತಿರ ಡೀಸೆಲ್ ವಾಹನಗಳನ್ನು ಮಾತ್ರ ಬಿಡುತ್ತಾರೆ, ಆದರೂ ಹೀಗಾಯಿತು. ಆಮೇಲೆ ಆಸ್ಟ್ರೇಲಿಯಾದ ಪಾರ್ಕ್ಸ್ ಟೆಲಿಸ್ಕೋಪಿನಲ್ಲಿ ಆ ಗೆರೆಯನ್ನು ನೋಡಿ ಖಚಿತಪಡಿಸಿಕೊಂಡರು. ಎರಡು ಗೆರೆ ಸಾಲದು, ಮೂರನೆಯದೂ ಬೇಕು ಅಂತ ಇನ್ನೊಂದು ಖಂಡಕ್ಕೆ ಹೋದರಲ್ಲ, 2005ರ ಪ್ರಶ್ನೆಯ ಬೆಲೆ ಅಲ್ಲಿ ಕಾಣುತ್ತದೆ. ಎಡ ರೂಪ ಜಾಸ್ತಿಯೋ ಬಲ ರೂಪ ಜಾಸ್ತಿಯೋ ಅಂತ ಈ ಗೆರೆಗಳಿಂದ ತಿಳಿಯುವುದಿಲ್ಲ, ಎರಡರ ಗೆರೆಗಳೂ ಒಂದೇ. ಈ ಮಾತನ್ನು ಸುದ್ದಿಗಳು ಬಿಟ್ಟುಬಿಡುತ್ತವೆ, ಹಾಗಾಗಿ ಇಲ್ಲಿ ಹೇಳಿದೆ.

ತರಗತಿಯಲ್ಲಿ ಈ ಮೂರು ಗೆರೆಗಳನ್ನು ಸ್ಪ್ಲಾಟಲಾಗ್‌ನಲ್ಲಿ ಹುಡುಕಿಸುವುದು ಒಳ್ಳೆಯ ಅಭ್ಯಾಸ. ಪ್ರೊಪಿಲೀನ್ ಆಕ್ಸೈಡ್ ಆರಿಸಿ, 12ರಿಂದ 15 ಗಿಗಾಹರ್ಟ್ಸ್ ಕೊಡಿ. ಶಕ್ತಿಯ ಕಾಲಂ ಹಚ್ಚಿ ಸಾಲು ಮಾಡಿಸಿ. ಯಾಕೆ ಇವೇ ಮೂರು ಅಂತ ಮಕ್ಕಳೇ ಕಂಡುಕೊಳ್ಳುತ್ತಾರೆ. 12.8ರ ಗೆರೆ 64 ಕಿಲೋಮೀಟರ್ ವೇಗಕ್ಕೆ ಎಷ್ಟು ಜಾರುತ್ತದೆ ಅಂತ ಕೇಳಿ, ಸುಮಾರು 2.7 ಮೆಗಾಹರ್ಟ್ಸ್ ಬರಬೇಕು. ಪ್ರೈಮೋಸ್ ಡೇಟಾದಲ್ಲಿ ಈ ವೇಗವನ್ನು ಮೊದಲೇ ಕಳೆದಿರುತ್ತಾರೆ, ಮತ್ತೆ ಕಳೆಯಬಾರದು.

ಬೇರೆಯವುಗಳ ಜೊತೆ ಹೋಲಿಸಿದರೆ? ನೇರ ಸಿಡಿಎಂಎಸ್ ತಾಣ ಹಳೆಯ ಕಾಲದ ಹಾಗೆ ಕಾಣುತ್ತದೆ, ಆದರೆ ಒಂದೊಂದು ಅಣುವಿನ ಅಳತೆ ಯಾರದು, ಎಲ್ಲಿಯವರೆಗೆ ನಂಬಬಹುದು ಎಂಬ ವಿವರ ಅಲ್ಲಿ ಚೆನ್ನಾಗಿದೆ. ಬಾಹ್ಯಾಕಾಶದಲ್ಲಿ ಸಿಕ್ಕಿದ ಅಣುಗಳ ಪಟ್ಟಿಯನ್ನೂ ಅವರು ಇಟ್ಟಿದ್ದಾರೆ. ಗಂಭೀರ ಕೆಲಸಕ್ಕೆ ಕೊನೆಗೆ ಅಲ್ಲಿಗೇ ಹೋಗಬೇಕು. ಉಷ್ಣತೆ ಹಾಕಿ ಇಡೀ ರೋಹಿತವನ್ನು ಚಿತ್ರವಾಗಿ ಬಿಡಿಸಿ, ಡೇಟಾದ ಮೇಲೆ ಹೊಂದಿಸಿ ನೋಡಬೇಕು ಅಂದರೆ ಫ್ರಾನ್ಸಿನ ಕ್ಯಾಸಿಸ್ ಅಥವಾ ಸ್ಪೇನಿನ ಮ್ಯಾಡ್‌ಕ್ಯೂಬಾ ತಂತ್ರಾಂಶ ಬೇಕು. ಎರಡೂ ಪುಕ್ಕಟೆ, ಆದರೆ ಕಲಿಯಲು ತಾಳ್ಮೆ ಬೇಕು. ನಿಮ್ಮ ಉಷ್ಣತೆಯ ತೊಂದರೆ ಅಲ್ಲಿ ಬಗೆಹರಿಯುತ್ತದೆ.

ಯಾರಿಗೆ ಶಿಫಾರಸು ಮಾಡುತ್ತೇನೆ? ಎಂಎಸ್ಸಿ ಭೌತಶಾಸ್ತ್ರ, ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ, ಅವರ ಮೇಷ್ಟ್ರುಗಳಿಗೆ ಕಣ್ಣುಮುಚ್ಚಿ. ರೇಡಿಯೋ ಖಗೋಳದ ಹವ್ಯಾಸ ಇರುವವರಿಗೂ. ಬಿಎಸ್ಸಿ ಮೊದಲ ವರ್ಷದವರಿಗೆ ಮೇಷ್ಟ್ರು ಪಕ್ಕದಲ್ಲಿದ್ದರೆ ಸರಿ, ಇಲ್ಲದಿದ್ದರೆ ಕಾಲಂಗಳ ಹೆಸರು ನೋಡಿಯೇ ಹೆದರಬಹುದು. ಮೊಬೈಲಿನಲ್ಲಿ ಬೇಡ, ಕೋಷ್ಟಕ ಅಗಲ ಜಾಸ್ತಿ, ಲ್ಯಾಪ್‌ಟಾಪೇ ಬೇಕು. 5ಕ್ಕೆ 4 ಕೊಡುತ್ತೇನೆ. ಉಳಿದ ಒಂದು ಅಂಕ ಆ 300 ಕೆಲ್ವಿನ್‌ಗೆ ಹೋಯಿತು. ಗ್ಲೈಸಿನ್ ಆರಿಸಿ ನಿಮ್ಮದೇ ಒಂದು ಹುಡುಕಾಟ ಮಾಡುವ ಆಸೆ ಇದ್ದರೆ ಮಾಡಿ, ಪಟ್ಟಿಯಲ್ಲಿ ಅದರ ಗೆರೆಗಳು ಇವೆ. ಆದರೆ ಸ್ಯಾಜಿಟೇರಿಯಸ್ ಬಿ2ರ ಬಿಸಿ ನಡುಭಾಗದಲ್ಲಿ ಶುರು ಮಾಡಬೇಡಿ, ಅಲ್ಲಿ ಕಳೆ ಜಾಸ್ತಿ. ಪಕ್ಕದ ಜಿ+0.693 ಮೋಡದ ಮೇಲೆ ಬಂದಿರುವ ಪ್ರಬಂಧಗಳನ್ನು ಓದಿ. ಅಲ್ಲಿ ಅಣುಗಳು ಹೆಚ್ಚಾಗಿ ಕೆಳಗಿನ ಮಟ್ಟಗಳಲ್ಲೇ ಇರುತ್ತವೆ, ಗೆರೆಗಳ ನೂಕುನುಗ್ಗಲು ಕಡಿಮೆ. ಎಥನಾಲಮೈನ್ ಸಿಕ್ಕಿದ್ದು ಅಲ್ಲೇ.